ಹಾಲಂಟಿನ ರೆಕ್ಕೆ

ಬಾನಾತ್ ಸೀಮೆಯ ಆ ಪೇಟೆಯಲ್ಲಿ ಗಾಡಿ ಕಟ್ಟುವವರು ಏಳು ಜನ ಇದ್ದರು. ಅವರಲ್ಲಿ ಗ್ಲಿಶಾ ಮಾಡಿದ ಗಾಲಿ ಹನ್ನೆರಡು ವರ್ಷ ಬಾಳುತ್ತದೆ, ಗ್ಲಿಶಾನ ಸ್ನೇಹ ಹನ್ನೆರಡು ದಿನವೂ ಬಾಳುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಅವನ ಸಿಟ್ಟು ಕೂಗಾಡುವ ಸಿಟ್ಟಲ್ಲ. ಮೈಯೊಳಗೆ ಎಲ್ಲೋ ಕೆಂಡ ಇಟ್ಟುಕೊಂಡು ಮೇಲೆ ಅಂಗಿ ಹಾಕಿಕೊಂಡವನ ಹಾಗಿದ್ದ. ಒರಟು ಕೆಲಸ ಕಂಡರೆ ಸಿಟ್ಟು, ಅರ್ಧ ಕೆಲಸ ಕಂಡರೆ ಸಿಟ್ಟು, ಕೆಲಸ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ಇವನಿಗೇನು ಗೊತ್ತು ಎಂದು ಅದಕ್ಕೂ ಸಿಟ್ಟು.

ಶಾಲೆಗೆ ಹೋದದ್ದು ನಾಲ್ಕು ವರ್ಷ. ಅಪ್ಪ ತೀರಿಕೊಂಡ ಮೇಲೆ ಕೊಟ್ಟಿಗೆಯೇ ಶಾಲೆಯಾಯಿತು. ಮದುವೆಯಾಗಿ ಮೂರು ವರ್ಷಕ್ಕೆ ಹೆಂಡತಿ ಜ್ವರದಲ್ಲಿ ಹೋದಳು, ಮಕ್ಕಳಿರಲಿಲ್ಲ. ನಲವತ್ತೊಂದನೆಯ ವಯಸ್ಸಿಗೆ ಮನೆಯಲ್ಲಿ ಉಳಿದವರು ಅವನು, ತಾಯಿ ಮಕ್ರೇನಾ, ಮತ್ತು ಅವನ ಜೊತೆ ಕೆಲಸ ಮಾಡುತ್ತಿದ್ದ ತಮ್ಮ ಪ್ರೋಕಾ. ಪ್ರೋಕಾ ಅಣ್ಣನಿಗಿಂತ ಒಂಬತ್ತು ವರ್ಷ ಚಿಕ್ಕವನು. ಒಣಕಲು ಮೈ, ಮೆದು ಮಾತು. ಯಾರು ಕೊನೆಯಲ್ಲಿ ಮಾತಾಡಿದರೋ ಅವರ ಮಾತಿಗೆ ಹೂಂ ಎನ್ನುವ ಸ್ವಭಾವ.

ಸಾವಿರದ ಒಂಬೈನೂರ ಒಂಬತ್ತರ ಶರತ್ಕಾಲದಲ್ಲಿ ರಾಜಧಾನಿ ಪೆಸ್ಟ್ ನಗರಕ್ಕೆ ಹೊರದೇಶದವನೊಬ್ಬ ವಿಮಾನ ತಂದು ಹಾರಿಸಿ ತೋರಿಸಿದ. ಗ್ಲಿಶಾ ರೈಲು ಹತ್ತಿ ನೋಡಲು ಹೋದ. ಲಕ್ಷ ಜನ ತಲೆಯೆತ್ತಿ ಹಾರಿದವನನ್ನು ನೋಡಿದರು. ಗ್ಲಿಶಾ ಯಂತ್ರ ಕೆಳಗಿಳಿದ ಮೇಲೆ ಹಗ್ಗದ ಬೇಲಿಯ ಕೆಳಗೆ ನುಸುಳಿ ರೆಕ್ಕೆಯ ಅಡಿಭಾಗ ನೋಡಿದ. ಕಾವಲಿನವನು ಕಾಲು ಹಿಡಿದು ಎಳೆಯುವಷ್ಟರಲ್ಲಿ ಅವನಿಗೆ ಬೇಕಾದ್ದು ಕಂಡಿತ್ತು. ಬಟ್ಟೆಯ ಒಳಗೆ ರೆಕ್ಕೆಗೆ ಬಾಗು ಕೊಡುವ ಪಕ್ಕೆಲುಬುಗಳನ್ನು ಹಲಗೆಯಿಂದ ಕೊಯ್ದು, ಮೊಳೆ ಹೊಡೆದು ಕೂರಿಸಿದ್ದರು.

"ಹೆಣದ ಪೆಟ್ಟಿಗೆಗೆ ಹೊಡೆದ ಹಾಗೆ ಹೊಡೆದಿದಾರೆ," ಎಂದು ಊರಿಗೆ ಬಂದು ಪ್ರೋಕಾನ ಮುಂದೆ ಹೇಳಿದ. "ಮರದ ನಾರು ಒಂದು ಕಡೆ ಹೋಗುತ್ತೆ, ಕೊಯ್ದ ಬಾಗು ಇನ್ನೊಂದು ಕಡೆ. ನಮ್ಮೂರ ಕುರುಡ ಬಡಗೀನೂ ಗಾಲೀನ ಹಾಗೆ ಕೊಯ್ಯಲ್ಲ. ಇವರು ಅದರ ಮೇಲೆ ಮನುಷ್ಯನ್ನ ಕೂರಿಸ್ತಾರೆ."

ಆ ಚಳಿಗಾಲ ಪೂರ್ತಿ ಅವನು ಪಾಪ್ಲರ್ ಮರವನ್ನು ಕಾಗದದಷ್ಟು ತೆಳ್ಳಗೆ ಸೀಳಿದ. ಮೂರು ಸೀಳುಗಳನ್ನು ಅಚ್ಚಿನ ಮೇಲೆ ಬಾಗಿಸಿ ಒಂದಕ್ಕೊಂದು ಅಂಟಿಸಿದ. ಒಂದೂ ಮೊಳೆ ಇಲ್ಲ. ತೂಕ ಅರ್ಧಕ್ಕಿಂತ ಕಡಿಮೆ, ಬಲ ಎರಡರಷ್ಟು. ಎಲ್ಲ ಬಲವೂ ಅಂಟಿನಲ್ಲಿತ್ತು. ಒಡೆದ ಹಾಲಿನ ಗಟ್ಟಿಯನ್ನು ಬಿಸಿನೀರಲ್ಲಿ ತೊಳೆದು, ಹಿಂಡಿ, ಸುಣ್ಣದ ಜೊತೆ ಅರೆದರೆ ಬರುವ ಹಾಲಂಟು ಅದು. ಒಣಗಿದ ಮೇಲೆ ನೀರಲ್ಲಿ ನೆನೆದರೂ ಬಿಡುವುದಿಲ್ಲ. ಗ್ಲಿಶಾನ ಅಜ್ಜ ಅದರಿಂದಲೇ ಚರ್ಚಿನ ಬಾಗಿಲು ಜೋಡಿಸಿದ್ದ. ಈ ಪಕ್ಕೆಲುಬನ್ನು ಹೀಗೆ ಮಾಡಬಹುದೆಂದು ಗ್ಲಿಶಾನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾನು ಮಾಡಿದ ರೆಕ್ಕೆಯ ಮೇಲೆ ತಾನೇ ಕೂತು ಒಂದು ಸಲ ನೆಲ ಬಿಡಬೇಕು, ಇಷ್ಟೇ ಅವನಿಗೆ ಬೇಕಾಗಿದ್ದದ್ದು. ಬೇರೆ ಯಾವುದಕ್ಕೂ ಅವನು ಜೀವನದಲ್ಲಿ ಯಾರ ಬಾಗಿಲನ್ನೂ ತಟ್ಟಿರಲಿಲ್ಲ. ಇದಕ್ಕಾಗಿ ಔಷಧಿ ಅಂಗಡಿಯ ಕೊರ್ನೇಲ್‌ನ ಬಾಗಿಲು ತಟ್ಟಿದ, ಏಕೆಂದರೆ ಪೇಟೆಯಲ್ಲಿ ಹಗುರವಾದ ಮೋಟಾರು ಇದ್ದದ್ದು ಅವನೊಬ್ಬನ ಹತ್ತಿರ.

ಕೊರ್ನೇಲ್ ಮೋಟಾರು ತರಿಸಿದ್ದು ತನ್ನ ದೋಣಿಗೆ. "ಕೊಡ್ತೀನಿ ಮೇಸ್ತ್ರಿ," ಎಂದ. "ಆದ್ರೆ ಮೇ ಒಂದಕ್ಕೆ ದೋಣಿ ನದೀಲಿರಬೇಕು. ಅವತ್ತೇ ನಿಮ್ಮ ಈಸ್ಟರ್ ಅಲ್ವಾ? ಅದರ ಹಿಂದಿನ ಗುರುವಾರ ಮಧ್ಯಾಹ್ನ ನನ್ನ ಗಾಡಿ ಬರುತ್ತೆ. ಅಷ್ಟರೊಳಗೆ ಹಾರಿದ್ರೆ ಹಾರಿ, ಇಲ್ದಿದ್ರೆ ಇಲ್ಲ."

"ಅಷ್ಟು ದಿನ ಬೇಡ ಯಜಮಾನ್ರೇ," ಎಂದ ಗ್ಲಿಶಾ. "ಒಂದು ಬೆಳಗ್ಗೆ ಸಾಕು."

ಮೋಟಾರು ನಡೆಸುವುದು ಕಲಿಯಲು ಅವನು ತೆಮೆಶ್ವಾರ ಪಟ್ಟಣಕ್ಕೆ ಹೋಗಿ ಹನ್ನೊಂದು ದಿನ ಇದ್ದ. ಬಲರೆಕ್ಕೆ ಮುಗಿದಿತ್ತು. ಎಡರೆಕ್ಕೆಯ ಸೀಳುಗಳು ಅಚ್ಚಿನ ಪಕ್ಕದಲ್ಲಿ ಸಿದ್ಧವಾಗಿದ್ದವು. "ಬಲಗಡೇದು ನೋಡ್ಕೊಂಡು ಹಾಗೇ ಮಾಡು," ಎಂದು ಪ್ರೋಕಾನಿಗೆ ಹೇಳಿ ಹೋದ. ತಿರುಗಿ ಬಂದಾಗ ಎಡರೆಕ್ಕೆ ಸಿದ್ಧವಾಗಿತ್ತು. ಬಾಗು ಒಂದು ಕೂದಲಷ್ಟೂ ತಪ್ಪಿರಲಿಲ್ಲ. ಗ್ಲಿಶಾ ಪ್ರತಿ ಪಕ್ಕೆಲುಬನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿದ.

"ಚೆನ್ನಾಗಿದೆ," ಎಂದ. ಮೂವತ್ತೆರಡು ವರ್ಷದಲ್ಲಿ ಪ್ರೋಕಾ ಆ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಅವನ ಮುಖ ಕೆಂಪಾಯಿತು. ನಾಚಿಕೆಯಿಂದ ಎಂದು ಅಣ್ಣ ತಿಳಿದುಕೊಂಡ.

ಈಸ್ಟರಿಗೆ ಎಂಟು ದಿನ ಮುಂಚಿನ ಲಾಜರನ ಶನಿವಾರ ಹಾರುವುದೆಂದು ಗೊತ್ತಾಯಿತು. ಹಿಂದಿನ ದಿನವೇ ಯಂತ್ರವನ್ನು ಕುದುರೆ ಸಂತೆಯ ಬಯಲಿಗೆ ಎಳೆದು ತಂದರು. ಸಂಜೆ ಮಳೆ ಹನಿಯಿತು. ಇದ್ದದ್ದು ಒಂದೇ ಟಾರ್ಪಾಲು. ಗ್ಲಿಶಾ ಅದನ್ನು ಮೋಟಾರಿಗೆ ಹೊದಿಸಿದ.

"ರೆಕ್ಕೆ ನೆನೆಯುತ್ತಲ್ಲಣ್ಣ," ಎಂದ ಪ್ರೋಕಾ.

"ನೆನೀಲಿ. ಹಾಲಂಟು ನೀರಿಗೆ ಹೆದರುತ್ತಾ? ಮೋಟಾರು ಬೇರೆಯವರದ್ದು, ಅದು ನೆನೀಬಾರದು."

ಪ್ರೋಕಾ ಇನ್ನೂ ಏನೋ ಹೇಳಲು ಬಾಯಿ ತೆರೆದ. ಗ್ಲಿಶಾ ಆಗಲೇ ಮನೆಯ ಕಡೆ ನಡೆದಿದ್ದ.

ಶನಿವಾರ ಬೆಳಗ್ಗೆ ಬಿಸಿಲು ಬಂದು ಬಟ್ಟೆ ಒಣಗಿತು. ಮಕ್ಕಳು ಆ ದಿನದ ಪದ್ಧತಿಯಂತೆ ಕೊರಳಿಗೆ ಗಂಟೆ ಕಟ್ಟಿಕೊಂಡು, ಕೈಯಲ್ಲಿ ವಿಲೋ ಮರದ ಕಡ್ಡಿ ಹಿಡಿದು ಚರ್ಚಿನಿಂದ ನೇರವಾಗಿ ಬಯಲಿಗೆ ಬಂದರು, ಅವರ ಹಿಂದೆ ಅರ್ಧ ಪೇಟೆ ಬಂತು. ಗ್ಲಿಶಾ ಶಿಲುಬೆಯ ಗುರುತು ಹಾಕಿಕೊಂಡು ಕೂತ. ಯಂತ್ರ ಓಡಿತು, ಬಾಲ ಎತ್ತಿತು, ಗಾಲಿಗಳು ಹುಲ್ಲಿನ ಮೇಲೆ ಹಗುರವಾದವು. ಅಷ್ಟರಲ್ಲಿ ಎಡರೆಕ್ಕೆ ಒದ್ದೆ ರಟ್ಟಿನ ಹಾಗೆ ಮಡಿಚಿಕೊಂಡಿತು. ಯಂತ್ರ ಎಡಕ್ಕೆ ಹೊರಳಿ, ಅವನನ್ನು ನೆಲಕ್ಕೆ ಒಗೆಯಿತು. ಪಟ್ ಎಂದು ಹೆಗಲಿನ ಬಳಿಯ ಕೊರಳೆಲುಬು ಮುರಿದದ್ದು ಅವನ ಕಿವಿಗೇ ಕೇಳಿಸಿತು. ಆಮೇಲೆ ಕೇಳಿಸಿದ್ದು ನಗು.

"ಮೇಸ್ತ್ರಿ, ನೆಲ ಉಳೋಕೆ ನಮ್ಮ ಹತ್ರ ನೇಗಿಲಿತ್ತಲ್ಲ," ಎಂದು ಒಬ್ಬ ಗಾಡಿಯವನು ಕೂಗಿದ.

ಗ್ಲಿಶಾ ಅವನ ಕಡೆ ತಿರುಗಲಿಲ್ಲ. ಮುರಿದ ರೆಕ್ಕೆಯ ಬಳಿ ತೆವಳಿಕೊಂಡು ಹೋಗಿ ಬಟ್ಟೆ ಹರಿದ. ಪಕ್ಕೆಲುಬು ಮುರಿದಿರಲಿಲ್ಲ. ಮೂರು ಸೀಳುಗಳೂ ಗಾಯವಿಲ್ಲದೆ ಬೇರೆ ಬೇರೆಯಾಗಿ, ಇಸ್ಪೀಟು ಎಲೆಗಳ ಹಾಗೆ ಬಿಚ್ಚಿಕೊಂಡಿದ್ದವು. ನಡುವೆ ಬೆಳ್ಳಗೆ, ಮೆತ್ತಗೆ ಏನೋ ಇತ್ತು. ಬೆರಳಲ್ಲಿ ತೆಗೆದು ನಾಲಗೆಗೆ ಹಚ್ಚಿಕೊಂಡ. ಹಿಟ್ಟು.

ವೈದ್ಯ ಬಂದು ತೋಳನ್ನು ಎದೆಗೆ ಕಟ್ಟಿ ಆರು ವಾರ ಅಲುಗಿಸಬಾರದೆಂದು ಹೇಳಿಹೋದ. ಅವನು ಹೋದ ಮೇಲೆ ಗ್ಲಿಶಾ ತಮ್ಮನನ್ನು ಅಡುಗೆಮನೆಗೆ ಕರೆದ. ಮಕ್ರೇನಾ ಅಲ್ಲೇ ಕೂತು ತುರಚೆ ಸೊಪ್ಪು ಬಿಡಿಸುತ್ತಿದ್ದಳು.

"ಅದು ಯಾವ ಅಂಟು?"

"ಅಂಟೇ ಅಣ್ಣ."

"ಯಾವುದು ಅಂತ ಕೇಳಿದೆ."

"ಹಿಟ್ಟಿಂದು. ಪಟಿಕ ಹಾಕಿದ್ದೆ. ಬೆಳ್ಳುಳ್ಳಿ ರಸಾನೂ ಹಾಕಿದ್ದೆ, ಹಿಡೀಲಿ ಅಂತ."

"ಬೆಳ್ಳುಳ್ಳಿ ಯಾಕೆ, ರೆಕ್ಕೇನ ಬೇಯಿಸಿ ತಿನ್ನೋಕಾ?"

"ಅವನ್ನ ಯಾಕೆ ಹಿಡ್ಕೋತೀಯ," ಎಂದಳು ಮಕ್ರೇನಾ, ಸೊಪ್ಪಿನಿಂದ ಕಣ್ಣೆತ್ತದೆ. "ನಾನೇ ಬೇಡ ಅಂದೆ. ಶುದ್ಧ ಸೋಮವಾರ ಬೂದಿನೀರಲ್ಲಿ ಹದಿನಾಲ್ಕು ಪಾತ್ರೆ ತಿಕ್ಕಿದೀನಿ, ಈಸ್ಟರ್ ತನಕದ ದೊಡ್ಡ ಉಪವಾಸಕ್ಕೆ ಹಾಲು ಬೆಣ್ಣೆಯ ಒಂದು ತೊಟ್ಟು ಜಿಡ್ಡು ಉಳೀಬಾರದು ಅಂತ. ಮಾರನೇ ದಿನಾನೇ ಇವನು ನನ್ನ ಒಲೆ ಮೇಲೆ ಹಾಲು ಒಡೆಸ್ತೀನಿ ಅಂದ."

"ತಿನ್ನೋಕಲ್ಲ ಅವ್ವ. ಅಂಟಿಸೋಕೆ."

"ಅದು ಮೂಗಿಗೆ ಗೊತ್ತಾಗುತ್ತಾ? ನಾನು ನೀರಲ್ಲಿ ಬೇಯಿಸಿದ ಕಾಳು ತಿಂದ್ಕೊಂಡು ಜಪ ಮಾಡ್ತಿರ್ತೀನಿ, ಮನೆ ತುಂಬ ಹಾಲಿನ ವಾಸನೆ. ಕೊಟ್ಟಿಗೇಲೂ ಬೇಡ ಅಂದೆ. ಒಂದೇ ಅಂಗಳ, ಒಬ್ಬನೇ ಸಂತ ಕಾಯೋದು ಮನೆ, ಕೊಟ್ಟಿಗೆ ಎರಡನ್ನೂ."

"ನನ್ನ ಕೊರಳೆಲುಬು ಮುರೀತು."

"ಪ್ರಾಣ ಉಳೀತಲ್ಲ. ಉಪವಾಸ ಕೆಡಿಸದೆ ಇದ್ದಿದ್ದಕ್ಕೇ ಉಳೀತು."

ತಾಯಿ ಸುಳ್ಳು ಹೇಳುತ್ತಿಲ್ಲ, ತಾನು ಹೇಳುವುದನ್ನು ನಂಬಿಯೇ ಹೇಳುತ್ತಿದ್ದಾಳೆ ಎಂಬುದು ಗ್ಲಿಶಾನಿಗೆ ಗೊತ್ತಿತ್ತು. ಅವಳು ಸುಳ್ಳಿಯಾಗಿದ್ದರೆ ಬೈಯುವುದು ಸುಲಭವಾಗುತ್ತಿತ್ತು. ತಮ್ಮನ ಕಡೆ ತಿರುಗಿದ. "ನಾನು ಬಂದ ಮೇಲಾದ್ರೂ ಹೇಳಬಹುದಿತ್ತಲ್ಲ. ನಿನ್ನೆ ಮಳೇಲಾದ್ರೂ."

"ಚೆನ್ನಾಗಿದೆ ಅಂದ್ಯಲ್ಲಣ್ಣ," ಎಂದ ಪ್ರೋಕಾ. "ಆಮೇಲೆ ಹೇಗೆ ಹೇಳಲಿ?"

ಗ್ಲಿಶಾ ಎದ್ದು ಬೀದಿ ದಾಟಿದ. ಎದುರು ಮನೆಯಲ್ಲಿ ಜರ್ಮನರ ವಾಲ್ಬುರ್ಗ ಎರಡು ಹಸು ಸಾಕಿಕೊಂಡಿದ್ದಳು. ಅವರ ಪಂಚಾಂಗವೇ ಬೇರೆ, ಅವರ ಈಸ್ಟರ್ ಆ ವರ್ಷ ನಾಲ್ಕು ವಾರದ ಹಿಂದೆಯೇ ಕಳೆದಿತ್ತು.

"ಬಾ ಗ್ಲಿಶಾ, ಹಕ್ಕಿ," ಎಂದಳು ಅವಳು. "ನಿಮ್ಮ ದೇವರಿಗೆ ಇನ್ನೂ ಈಸ್ಟರ್ ಬರಲಿಲ್ವಾ? ನಮ್ಮನೆ ಮೊಟ್ಟೆ ಸಿಪ್ಪೆ ಕೂಡ ಗೊಬ್ಬರ ಆಯ್ತು."

"ಒಡೆದ ಹಾಲು ಬೇಕು ಅಕ್ಕ. ಒಂದು ಬಕೆಟ್. ಒಲೇನೂ ಬೇಕು. ನಮ್ಮನೇಲಿ ಆಗಲ್ಲ."

ವಾಲ್ಬುರ್ಗ ಅವನ ಕಟ್ಟಿದ ತೋಳು ನೋಡಿದಳು, ಮುಖ ನೋಡಿದಳು, ನಗು ನಿಲ್ಲಿಸಿದಳು. "ಇದಕ್ಕಾ ಬಿದ್ದದ್ದು? ಪ್ರೋಕಾ ಒಂದು ಮಾತು ಕೇಳಿದ್ರೆ ನಾನು ಆಗ್ಲೇ ಕೊಡ್ತಿದ್ದೆನಲ್ಲೋ. ಇಪ್ಪತ್ತು ಹೆಜ್ಜೆ ಇಲ್ಲ."

ಆ ಇಪ್ಪತ್ತು ಹೆಜ್ಜೆ ಅವನನ್ನು ಮುರಿದ ಎಲುಬಿಗಿಂತ ಹೆಚ್ಚು ನೋಯಿಸಿತು.

ಭಾನುವಾರ ಹಬ್ಬ, ಮೀನು ತಿಂದು ವಿಲೋ ಕಡ್ಡಿ ಮನೆಗೆ ಸಿಕ್ಕಿಸುವ ದಿನ, ಕೆಲಸವಿಲ್ಲ. ಮೋಟಾರಿಗೂ ಬಲರೆಕ್ಕೆಗೂ ಪೆಟ್ಟಾಗಿರಲಿಲ್ಲ, ಎಡರೆಕ್ಕೆಯೊಂದನ್ನೇ ಮತ್ತೆ ಅಂಟಿಸಬೇಕಿತ್ತು. ಸೋಮವಾರ ಬೆಳಕು ಹರಿಯುವಾಗ ಅವನು ತಮ್ಮನನ್ನು ವಾಲ್ಬುರ್ಗಳ ಅಡುಗೆಮನೆಯಲ್ಲಿ ಕೂರಿಸಿ ಹಾಲಿನ ಗಟ್ಟಿ ಅರೆಸಿದ. ಪವಿತ್ರ ವಾರದಲ್ಲಿ ಆ ವಾಸನೆಗೆ ಪ್ರೋಕಾ ಮುಖ ತಿರುಗಿಸಿಕೊಂಡು ಅರೆದ. ಒಂದೇ ಕೈಯ ಗ್ಲಿಶಾ ಬೆರಳು ತೋರಿಸುತ್ತಾ ಹೋದ. ಸಂಜೆಗೆ ಇಪ್ಪತ್ತೆರಡು ಪಕ್ಕೆಲುಬುಗಳೂ ಅಚ್ಚಿನಲ್ಲಿದ್ದವು. ಗುರುವಾರ ಬೆಳಗ್ಗೆಗೆ ಮೂರು ರಾತ್ರಿ ಸಿಗುತ್ತವೆ. ಅಂಟು ಒಣಗಲು ಅಷ್ಟು ಸಾಕು. ಆರು ವಾರ ಬೇಕಾಗಿದ್ದದ್ದು ಎಲುಬಿಗೆ.

"ಯಾರು ಕೂರೋದು?" ಎಂದು ಪ್ರೋಕಾ ಕೇಳಿದ.

"ನೀನು."

ಪ್ರೋಕಾ ಅರೆಯುವ ಕಲ್ಲು ಕೆಳಗಿಟ್ಟ. "ನಂಗೆ ಏಣಿ ಹತ್ತಿದ್ರೂ ತಲೆ ತಿರುಗುತ್ತೆ ಅಣ್ಣ. ಗೊತ್ತಲ್ಲ ನಿಂಗೆ."

"ಗೊತ್ತು."

ಅದು ಶಿಕ್ಷೆಯೋ, ಬೇರೆ ದಾರಿ ಇಲ್ಲದ್ದೋ ಎಂದು ಗ್ಲಿಶಾ ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಎರಡಕ್ಕೂ ಹೌದೆಂಬ ಉತ್ತರ ಬರುತ್ತಿತ್ತು.

ಬುಧವಾರ ಮಧ್ಯಾಹ್ನ ಅಚ್ಚಿನಿಂದ ಪಕ್ಕೆಲುಬು ಬಿಚ್ಚಿ ರೆಕ್ಕೆಗೆ ಜೋಡಿಸಿದ್ದರು, ಬಟ್ಟೆ ಇನ್ನೂ ಹೊಲಿದಿರಲಿಲ್ಲ. ಮಕ್ರೇನಾ ಒಂದು ಬಕೆಟ್ ನೀರು ಹಿಡಿದುಕೊಂಡು ಕೊಟ್ಟಿಗೆಗೆ ಬಂದಳು. ಯಾರು ಕೂರುತ್ತಾರೆಂದು ಅವಳಿಗೆ ತಿಳಿದುಹೋಗಿತ್ತು.

"ಇದು ಯಾವ ಅಂಟು?"

"ಹಾಲಿಂದು," ಎಂದ ಗ್ಲಿಶಾ. "ಮುಟ್ಟಬೇಡ, ಉಪವಾಸ ಕೆಟ್ಟೀತು."

ಅವಳು ಬಟ್ಟೆ ನೆನೆಸಿ ಮೊದಲನೆಯ ಪಕ್ಕೆಲುಬಿನ ಮೇಲೆ ಹಿಂಡಿದಳು. ಕಾದಳು. ಉಗುರನ್ನು ಸೀಳುಗಳ ನಡುವೆ ತೂರಿಸಲು ನೋಡಿದಳು. ಮೂಗು ಹತ್ತಿರ ತಂದು ಮೂಸಿದಳು. ಎರಡನೆಯದಕ್ಕೆ ಹೋದಳು. ಹೀಗೆ ತುಟಿಯಲ್ಲಿ ಪ್ರಾರ್ಥನೆ ಹೇಳಿಕೊಳ್ಳುತ್ತಾ ಇಪ್ಪತ್ತೆರಡನ್ನೂ ನೋಡಿದಳು. ಹದಿನೇಳನೆಯದರ ಬಳಿ ನಿಂತಳು.

"ಇಲ್ಲಿ ಹಿಡಿದಿಲ್ಲ."

ಗ್ಲಿಶಾ ನೋಡಿದ. ತುದಿಯಲ್ಲಿ ಎರಡು ಬೆರಳಷ್ಟು ಉದ್ದ ಬಾಯಿ ಬಿಟ್ಟಿತ್ತು. ಅವನು ಗೆಣ್ಣಿನಿಂದ ತಟ್ಟಿದಾಗ ಅದು ಸಿಕ್ಕಿರಲಿಲ್ಲ. ಅವಳು ಹೇಳಿದ್ದು ಸರಿ ಎಂಬುದೇ ಅವನ ಸಿಟ್ಟನ್ನು ನೆತ್ತಿಗೇರಿಸಿತು.

"ನಾನು ಕೂರೋವಾಗ ಈ ಬಕೆಟ್ ಎಲ್ಲಿತ್ತವ್ವ?"

ಮಕ್ರೇನಾ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ ಸೊಂಟ ನೆಟ್ಟಗೆ ಮಾಡಿಕೊಂಡಳು. "ಅಂಟಲ್ಲಿ ಪ್ರಾಣ ಇದೆ ಅಂತ ನೀನು ಹೇಳಿದ್ಯಾ? ಇದೇನಪ್ಪ ಮಾಡ್ತಿದೀಯ ಅಂತ ಚಳಿಗಾಲದಲ್ಲಿ ಕೇಳಿದೆ ನಿನ್ನ. ಏನಂದೆ? 'ನಿಂಗರ್ಥ ಆಗಲ್ಲ, ಸುಮ್ನಿರು.' ಸುಮ್ನಿದ್ದೆ. ನಂಗೆ ಅರ್ಥ ಆಗಿದ್ದು ಉಪವಾಸ ಒಂದೇ, ಅದನ್ನ ಕಾದೆ. ಪ್ರೋಕಾ ನಂಗೆ ಹೇಳಿದ. ನೀನು ಬಿದ್ದ ಮೇಲೆ ಹೇಳಿದ, ಆದರೂ ಹೇಳಿದ."

ಬಕೆಟ್ ಎತ್ತಿಕೊಂಡು ಹೊರಟುಹೋದಳು. ಬಾಗಿಲಲ್ಲಿ ನೀರು ಚೆಲ್ಲಿ ಅವಳ ಲಂಗದ ಅಂಚು ನೆನೆಯಿತು.

ಬಾಯಿಬಿಟ್ಟ ಜಾಗಕ್ಕೆ ಗ್ಲಿಶಾ ಹೊಸ ಅಂಟು ತುಂಬಿಸಿ, ಮೇಣ ತೀಡಿದ ದಾರ ಸುತ್ತಿಸಿದ. ಒಂದು ಕೈಯಲ್ಲಿ ದಾರದ ತುದಿ ಹಿಡಿದವನು, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದ. ಹಲ್ಲಿನ ನಡುವೆ ದಾರವಿದ್ದದ್ದರಿಂದ ಅವನು ಆಡಬೇಕೆಂದಿದ್ದ ಮಾತು ಒಳಗೇ ಉಳಿಯಿತು.

ಗುರುವಾರ ಬೆಳಗ್ಗೆ ಬಯಲಿಗೆ ಬಂದವರು ಹತ್ತು ಹದಿನೈದು ಜನ. ವಾಲ್ಬುರ್ಗ, ಶನಿವಾರ ನಕ್ಕ ಗಾಡಿಯವನು, ಕೊರ್ನೇಲ್. ಕೊರ್ನೇಲ್ ಬೇಗನೇ ಬಂದಿದ್ದ, ಮೋಟಾರು ಸಾಗಿಸುವ ಗಾಡಿಯ ಜೊತೆಗೇ. ಮಕ್ರೇನಾ ದೂರದಲ್ಲಿ ಹಿಪ್ಪುನೇರಳೆ ಮರದ ಕೆಳಗೆ ನಿಂತಿದ್ದಳು. ಪ್ರೋಕಾನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಗ್ಲಿಶಾ ಅವನನ್ನು ಕೂರಿಸಿ ಪಟ್ಟಿ ಬಿಗಿದ.

"ಓಡೋಕೆ ಬಿಡು. ಹಗುರ ಆದಾಗ ಸ್ವಲ್ಪ ಎಳಿ. ಸ್ವಲ್ಪ. ಆಮೇಲೆ ಏನೂ ಮಾಡಬೇಡ. ಏನೂ ಮಾಡದೆ ಇರೋದು ನಿಂಗೆ ಚೆನ್ನಾಗಿ ಬರುತ್ತೆ."

"ಸತ್ತರೆ ಅವ್ವನ್ನ ಬೈಬೇಡ," ಎಂದ ಪ್ರೋಕಾ.

"ಸತ್ತರೆ ನಿನ್ನ ಬೈತೀನಿ. ನಡಿ."

ಯಂತ್ರ ಓಡಿತು. ಗ್ಲಿಶಾ ಕಟ್ಟಿದ ತೋಳನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದು ಅದರ ಪಕ್ಕದಲ್ಲಿ ಓಡಿದ, ಪ್ರತಿ ಹೆಜ್ಜೆಗೂ ಎಲುಬಿನ ತುದಿಗಳು ಒಂದಕ್ಕೊಂದು ಉಜ್ಜುತ್ತಿದ್ದವು. ಗಾಲಿಗಳು ಹಗುರವಾದವು. ಆಮೇಲೆ ಗಾಲಿಯ ಕೆಳಗೆ ಹುಲ್ಲು ಇರಲಿಲ್ಲ, ಬೆಳಕಿತ್ತು. ಹಿಪ್ಪುನೇರಳೆ ಮರದಷ್ಟು ಎತ್ತರಕ್ಕೆ ಹೋಯಿತು. ಗ್ಲಿಶಾ ರೆಕ್ಕೆಯ ಅಡಿಯಲ್ಲಿ ಓಡುತ್ತಾ ಮೇಲೆ ನೋಡಿದ. ಬಿಸಿಲು ನಾರುಬಟ್ಟೆಯ ಮೂಲಕ ಬಂದು ಇಪ್ಪತ್ತೆರಡು ಪಕ್ಕೆಲುಬುಗಳೂ ಒಂದೊಂದಾಗಿ ಕಾಣುತ್ತಿದ್ದವು. ಎಲ್ಲವೂ ಒಂದೇ ಬಾಗಿನಲ್ಲಿದ್ದವು. ಅಷ್ಟು ಹೊತ್ತು ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ದೇವರು ಕೊಟ್ಟದ್ದು ಅಷ್ಟು ಹೊತ್ತು.

ಯಂತ್ರ ನೂರ ಎಂಬತ್ತು ಹೆಜ್ಜೆ ದೂರದಲ್ಲಿ ಇಳಿದು, ಕುಪ್ಪಳಿಸಿ, ಒಂದು ಗಾಲಿ ಮುರಿದುಕೊಂಡು ನಿಂತಿತು. ಜನ ಗ್ಲಿಶಾನನ್ನು ದಾಟಿಕೊಂಡು ಓಡಿದರು. ನಕ್ಕಿದ್ದ ಗಾಡಿಯವನೇ ಪ್ರೋಕಾನನ್ನು ಹೆಗಲ ಮೇಲೆ ಎತ್ತಿಕೊಂಡ. ಗ್ಲಿಶಾ ಬಂದು ಮೊದಲು ಹದಿನೇಳನೆಯ ಪಕ್ಕೆಲುಬನ್ನು ಬಟ್ಟೆಯ ಮೇಲಿಂದಲೇ ಒತ್ತಿ ನೋಡಿದ. ಗಟ್ಟಿಯಾಗಿತ್ತು. ಆಮೇಲೆ ಕೊರ್ನೇಲ್‌ನ ಬಳಿ ಹೋದ.

"ಎಲುಬು ಆರು ವಾರಕ್ಕೆ ಕೂಡುತ್ತೆ ಯಜಮಾನ್ರೇ. ಆಗ ಒಂದು ದಿನ. ಒಂದೇ ದಿನ."

"ದೋಣಿಗೆ ಕೂರಿಸಿದ ಮೇಲೆ ಕೀಳೋಕಾಗಲ್ಲ ಮೇಸ್ತ್ರಿ," ಎಂದ ಕೊರ್ನೇಲ್. ಅವನು ಕೆಟ್ಟವನಲ್ಲ, ಆಡಿದ ಮಾತಿಗೆ ನಿಂತವನು. "ಹಾರಿತಲ್ಲ. ನಿಮ್ಮ ಯಂತ್ರ ಹಾರಿತಲ್ಲ. ಇನ್ನೇನು ಬೇಕು?"

ಗ್ಲಿಶಾ ಬೋಲ್ಟುಗಳನ್ನು ತಾನೇ ಬಿಚ್ಚಿದ, ಒಂದು ಕೈಯಲ್ಲಿ. ಬೇರೆಯವರು ಮುಟ್ಟಲು ಬಿಡಲಿಲ್ಲ.

"ಅಣ್ಣ, ಮೇಲೆ ಹೇಗಿತ್ತು ಗೊತ್ತಾ," ಎಂದು ಪ್ರೋಕಾ ಓಡಿಬಂದ.

"ಹೇಳಬೇಡ."

"ಅಲ್ಲ, ಒಂದು ಮಾತು..."

"ನನ್ನ ಮುಂದೆ ಯಾವತ್ತೂ ಹೇಳಬೇಡ."

ಮರುದಿನ ಶುಭ ಶುಕ್ರವಾರ, ಶಿಲುಬೆಯ ಮೊಳೆಗಳ ನೆನಪಿಗೆ ಸುತ್ತಿಗೆ ಮುಟ್ಟದ ದಿನ. ಕೊಟ್ಟಿಗೆ ಸುಮ್ಮನಿತ್ತು. ಶನಿವಾರ ಅವನು ಪಾಪನಿವೇದನೆಗೆ ಹೋದಾಗ ಪಾದ್ರಿ ಕೇಳಿದರು, "ತಾಯಿಯನ್ನ ಕ್ಷಮಿಸಿದ್ಯಾ? ತಮ್ಮನ್ನ?"

"ಇಲ್ಲ."

"ಕ್ಷಮಿಸ್ತೀನಿ ಅನ್ನಪ್ಪ. ಹಬ್ಬದ ಪ್ರಸಾದ ತಗೋಬೇಕಲ್ಲ."

"ಅಂದ್ರೆ ಸುಳ್ಳಾಗುತ್ತೆ ಸ್ವಾಮಿ. ಉಪವಾಸದಲ್ಲಿ ಅದೂ ತಪ್ಪಲ್ವಾ?"

ಆ ಈಸ್ಟರ್ ಬೆಳಗ್ಗೆ ಎಲ್ಲರೂ ಪ್ರಸಾದಕ್ಕೆ ಸಾಲು ನಿಂತರೆ ಗ್ಲಿಶಾ ಬಾಗಿಲ ಬಳಿ ಉಳಿದ. ಮಕ್ರೇನಾ ಸಾಲಿನಲ್ಲಿ ಅರ್ಧ ದೂರ ಹೋದವಳು ತಿರುಗಿ ನೋಡಿದಳು. ಸಾಲು ಬಿಟ್ಟು ಬಂದು ಅವನ ಪಕ್ಕದಲ್ಲಿ ನಿಂತಳು. ಅವಳು ಸಾಯುವ ತನಕ, ಇನ್ನೂ ಒಂಬತ್ತು ವರ್ಷ, ಅವನಿಗೆ ಅನ್ನ ಬಡಿಸಿದಳು, ಅವನು ಅವಳಿಗೆ ಸೌದೆ ಒಡೆದು ಹಾಕಿದ. ಆ ವಿಷಯ ಮತ್ತೆ ಬರಲಿಲ್ಲ.

ಆಮೇಲೆ ಪೆಸ್ಟ್‌ನ ಒಂದು ವಿಮಾನ ಕಾರ್ಖಾನೆಯವರು ಕಾಗದ ಬರೆದು ಪಕ್ಕೆಲುಬು ತರಿಸಿಕೊಂಡರು, ಮೂರು ವರ್ಷ ತರಿಸಿಕೊಂಡರು, ಆಮೇಲೆ ತಾವೇ ಮಾಡಲು ಕಲಿತರು. ಯಾವ ಯಂತ್ರದ ಮೇಲೂ ಗ್ಲಿಶಾನ ಹೆಸರು ಇರಲಿಲ್ಲ. ಊರಿನಲ್ಲಿ ಪ್ರೋಕಾನಿಗೆ ಹಾರುವ ಪ್ರೋಕಾ ಎಂದೇ ಹೆಸರಾಯಿತು. ಹೆಂಡದಂಗಡಿಯಲ್ಲಿ ಅವನು ಮೇಲಿಂದ ಕಂಡದ್ದನ್ನು ಬಣ್ಣಿಸುತ್ತಿದ್ದ: ನದಿ ರಿಬ್ಬನ್ನಿನ ಹಾಗಿತ್ತು, ಚರ್ಚಿನ ಶಿಲುಬೆ ಕೈಗೆ ಎಟುಕುವ ಹಾಗಿತ್ತು, ಜನ ಕಾಳಿನ ಹಾಗಿದ್ದರು. ಗ್ಲಿಶಾ ಒಳಗೆ ಬಂದರೆ ಮಾತು ನಿಲ್ಲಿಸುತ್ತಿದ್ದ. ಮರದಷ್ಟು ಎತ್ತರದಿಂದ ನದಿ ಕಾಣುವುದಿಲ್ಲವೆಂದು ಗ್ಲಿಶಾನಿಗೆ ಗೊತ್ತಿತ್ತು. ಆದರೆ ನಿಜವಾಗಿ ಕಂಡದ್ದೇನೆಂದು ಅವನು ಕೇಳಲಿಲ್ಲ.

ಕೇಳಿದ್ದು ಹದಿನಾರು ವರ್ಷದ ಮೇಲೆ. ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಒಂದು ಚಳಿಗಾಲದ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಗಾಲಿಗೆ ಅರೆಕಾಲಿನ ಕಡ್ಡಿ ಕೂರಿಸುತ್ತಿದ್ದಾಗ ಗ್ಲಿಶಾ ಉಳಿ ಕೆಳಗಿಟ್ಟ.

"ಈಗ ಹೇಳು. ಮೇಲಿಂದ ಏನು ಕಾಣಿಸ್ತು?"

ಪ್ರೋಕಾ ಕೈಯಲ್ಲಿದ್ದ ಅರೆಕಾಲನ್ನು ಹಿಂದೆ ಮುಂದೆ ತಿರುಗಿಸಿದ.

"ಕಣ್ಣು ಮುಚ್ಚಿಕೊಂಡಿದ್ದೆ ಅಣ್ಣ," ಎಂದ. "ನೆಲ ಬಿಟ್ಟಾಗಿಂದ ಮುಟ್ಟೋವರೆಗೂ."

ಗ್ಲಿಶಾ ಅವನನ್ನು ನೋಡಿದ. ಉಳಿಯನ್ನು ಕೈಗೆತ್ತಿಕೊಂಡ, ಗಾಲಿಯ ನಡುವಿನ ಗುಂಬಕ್ಕೆ ಇಟ್ಟ, ಮತ್ತೆ ತೆಗೆದ.

"ನೂರ ಎಂಬತ್ತು ಹೆಜ್ಜೆ," ಎಂದ. "ನೂರ ಎಂಬತ್ತು ಹೆಜ್ಜೆ ಕಣ್ಣು ಮುಚ್ಚಿಕೊಂಡಿದ್ದ, ಕತ್ತೆ."

ಅಷ್ಟು ಹೇಳಿ ಎದ್ದು, ತೊಟ್ಟಿಯ ನೀರಲ್ಲಿ ಮುಖ ತೊಳೆದುಕೊಳ್ಳಲು ಹೊರಗೆ ಹೋದ. ಅದರ ಮೇಲಿದ್ದ ಮಂಜುಗಡ್ಡೆಯನ್ನು ಮುಷ್ಟಿಯಿಂದಲೇ ಒಡೆದ.